ಮೇಕೆದಾಟು ನೋಡೋಣ ಬನ್ನಿ

ಕಾವೇರಿ ಎಂದರೆ ನಮ್ಮ ಕಣ್ಣ ಮುಂದೆ ಏನು ಬರುತ್ತದೆ? ಶ್ರೀರಂಗಪಟ್ಟಣದ ಅಗಲವಾದ ಹೊಳೆ. ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು. ಕಾಲುವೆ, ಭತ್ತದ ಗದ್ದೆ, ಕಬ್ಬು. ಮೆಲ್ಲಗೆ ಹರಿಯುವ ನೀರು.

ಇದೇ ಕಾವೇರಿ ಒಂದು ಜಾಗದಲ್ಲಿ ಕಲ್ಲಿನ ಸಂದಿಯೊಳಗೆ ನುಗ್ಗಿ ಹೋಗುತ್ತಾಳೆ. ಅಷ್ಟು ಅಗಲವಾದ ನದಿ ಅಲ್ಲಿ ಕೆಲವು ಕಡೆ ಸುಮಾರು 10 ಮೀಟರ್ ಅಗಲಕ್ಕೆ ಬಂದುಬಿಡುತ್ತದೆ. 10 ಮೀಟರ್ ಅಂದರೆ ಎಷ್ಟು? ಎರಡು ಸೀರೆಗಳನ್ನು ಉದ್ದಕ್ಕೆ ಗಂಟು ಹಾಕಿ ಹಿಡಿದರೆ ಎಷ್ಟೋ, ಹೆಚ್ಚು ಕಡಿಮೆ ಅಷ್ಟು. ಆ ಜಾಗದ ಹೆಸರು ಮೇಕೆದಾಟು.

ನದಿ ಕಲ್ಲನ್ನು ಆಳವಾಗಿ ಕೊರೆದು ಮಾಡಿಕೊಂಡ ಇಂಥ ದಾರಿಗೆ ಕೊರಕಲು ಅನ್ನುತ್ತಾರೆ. ಕಮರಿ ಅಂತಲೂ ಹೇಳುವುದುಂಟು.

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ದಿನ ಕರ್ನಾಟಕದ ನಕ್ಷೆ ನೋಡುತ್ತಿದ್ದೆವು. ಕಾವೇರಿಯ ನೀಲಿ ಗೆರೆಯ ಮೇಲೆ ಬೆರಳಿಟ್ಟು ಒಬ್ಬೊಬ್ಬರೇ ಊರಿನ ಹೆಸರು ಓದಿದರು. ಮೇಕೆದಾಟು ಅಂತ ಓದಿದ ಕೂಡಲೇ ಒಬ್ಬ ಅಕ್ಕ ಕೇಳಿದರು: "ಟೀಚರ್, ಅದು ನೋಡೋ ಜಾಗವಂತೆ. ಆದರೆ ಅಲ್ಲಿಗೆ ಹೋದ ಹುಡುಗರು ಮುಳುಗಿ ಸತ್ತರು ಅಂತ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಹೋಗಬಹುದಾ, ಹೋಗಬಾರದಾ?"

ಹೋಗಬಹುದು. ನೋಡಲೇಬೇಕಾದ ಜಾಗ ಅದು. ಆದರೆ ನೀರಿಗೆ ಇಳಿಯಬಾರದು. ಏಕೆ ಇಳಿಯಬಾರದು ಎನ್ನುವುದನ್ನು ತಿಳಿದುಕೊಂಡು ಹೋದರೆ, ನೋಡುವ ಖುಷಿಯೂ ಹೆಚ್ಚು. ಆ ಜಾಗ ಚೆನ್ನಾಗಿರುವುದಕ್ಕೂ, ಅಪಾಯಕ್ಕೂ ಕಾರಣ ಒಂದೇ. ಅದು ನೀರಿನ ಬಲ.

ದಾರಿ ಯಾವುದು?

ಮೇಕೆದಾಟು ಇರುವುದು ಕನಕಪುರ ತಾಲ್ಲೂಕಿನಲ್ಲಿ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ಬೆಂಗಳೂರಿನಿಂದ ಕನಕಪುರ, ಅಲ್ಲಿಂದ ಸಾತನೂರು, ಅಲ್ಲಿಂದ ದೊಡ್ಡಾಲಹಳ್ಳಿ, ಕೊನೆಗೆ ಸಂಗಮ. ಕಬ್ಬಾಳಮ್ಮನ ಜಾತ್ರೆಗೆ ಹೋದವರಿಗೆ ಸಾತನೂರು ಗೊತ್ತಿರುತ್ತದೆ. ಕಬ್ಬಾಳು ಅಲ್ಲೇ ಹತ್ತಿರ.

ಕಾರು, ವ್ಯಾನು, ಟೆಂಪೋ ಯಾವುದಾದರೂ ಸಂಗಮದವರೆಗೆ ಮಾತ್ರ. ಮುಂದಕ್ಕೆ ನಮ್ಮ ಗಾಡಿ ಹೋಗುವುದಿಲ್ಲ. ನಡುವೆ ಅರ್ಕಾವತಿ ನದಿ ಅಡ್ಡ ಬರುತ್ತದೆ.

ಸರ್ಕಾರಿ ಬಸ್ಸಿನಲ್ಲೂ ಹೋಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂತು. ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಕನಕಪುರಕ್ಕೆ ಬಸ್ಸುಗಳು ಬೇಕಾದಷ್ಟಿವೆ. ಕನಕಪುರದಿಂದ ಸಂಗಮಕ್ಕೆ ಬಸ್ಸು ಕಡಿಮೆ. ಹತ್ತುವಾಗಲೇ ಕಂಡಕ್ಟರನ್ನು ಕೇಳಿಬಿಡಿ: "ವಾಪಸ್ಸು ಕೊನೇ ಬಸ್ಸು ಎಷ್ಟು ಹೊತ್ತಿಗೆ?" ಹೇಳಿದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಈಗ ಬರೆಯಲು ಬರುತ್ತದಲ್ಲ!

ಹತ್ತು ಹದಿನೈದು ಜನ ಸೇರಿ ಹೋಗುವುದಾದರೆ ಒಂದು ಟೆಂಪೋ ಮಾಡಿಕೊಳ್ಳುವುದು ವಾಸಿ. ಖರ್ಚು ಹಂಚಿಕೊಂಡರೆ ಭಾರವಾಗುವುದಿಲ್ಲ. ಸಂಜೆ ಬಸ್ಸಿಗಾಗಿ ಕಾಯುವ ಆತಂಕವೂ ಇರುವುದಿಲ್ಲ.

ಎರಡು ನದಿ ಕೂಡುವ ಜಾಗ

ಸಂಗಮ ಅಂದರೆ ಕೂಡುವುದು. ಇಲ್ಲಿ ಅರ್ಕಾವತಿ ಬಂದು ಕಾವೇರಿಯನ್ನು ಕೂಡುತ್ತಾಳೆ.

ಕಾವೇರಿ ಹುಟ್ಟುವುದು ಕೊಡಗಿನ ತಲಕಾವೇರಿಯಲ್ಲಿ. ಇದು ಎಲ್ಲರಿಗೂ ಗೊತ್ತು. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ರಾಮನಗರ, ಕನಕಪುರ ದಾಟಿ ಇಲ್ಲಿಗೆ ಬರುತ್ತಾಳೆ. ದಾರಿಯಲ್ಲಿ ವೃಷಭಾವತಿ ಎಂಬ ಹೊಳೆ ಬಂದು ಅರ್ಕಾವತಿಗೆ ಸೇರುತ್ತದೆ. ವೃಷಭಾವತಿ ಹರಿದು ಬರುವುದು ಬೆಂಗಳೂರಿನಿಂದ. ಬೆಂಗಳೂರಿನ ಕೊಳಚೆ ನೀರು ಅದರಲ್ಲಿದೆ. ಕಾರ್ಖಾನೆಗಳ ನೀರೂ ಇದೆ. ಆದ್ದರಿಂದ ಸಂಗಮದ ನೀರು ಕುಡಿಯಬೇಡಿ. ಮಕ್ಕಳಿಗೂ ಕುಡಿಸಬೇಡಿ. ತೀರ್ಥ ಅಂತ ಬಾಟಲಿಗೆ ತುಂಬಿಕೊಂಡು ಬಂದು ಮನೆಯವರಿಗೆಲ್ಲ ಹಂಚುವವರನ್ನು ಕಂಡಿದ್ದೇವೆ. ಕೈ ಮುಗಿಯಿರಿ, ಸಾಕು. ಕುಡಿಯುವ ನೀರು ಮನೆಯಿಂದಲೇ ತೆಗೆದುಕೊಂಡು ಹೋಗಿ.

ಅರ್ಕಾವತಿಯನ್ನು ದಾಟುವುದು ಹೇಗೆ? ಬೇಸಿಗೆಯಲ್ಲಿ ನೀರು ಕಡಿಮೆ. ಜನ ನಡೆದೇ ದಾಟುತ್ತಾರೆ. ಎಲ್ಲಿ ದಾಟಬಹುದು ಅಂತ ಅಲ್ಲಿನವರನ್ನು ಕೇಳಿ ಇಳಿಯಿರಿ. ನೀರು ಜಾಸ್ತಿ ಇದ್ದಾಗ ತೆಪ್ಪದಲ್ಲಿ ದಾಟಿಸುತ್ತಾರೆ. ತೆಪ್ಪ ಅಂದರೆ ಮೊರದ ಹಾಗೆ ಹೆಣೆದ ದುಂಡನೆಯ ದೋಣಿ. ಬಿದಿರಿನ ದಬ್ಬೆ ಹೆಣೆದು ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿಯುತ್ತಾರೆ. ಹತ್ತುವ ಮುಂಚೆ ದರ ಕೇಳಿ. ಗಾಳಿ ಅಂಗಿ, ಅಂದರೆ ಲೈಫ್ ಜಾಕೆಟ್, ಕೇಳಿ ಹಾಕಿಕೊಳ್ಳಿ. ನಾಚಿಕೆ ಬೇಡ. ತೆಪ್ಪದಲ್ಲಿ ತುಂಬಾ ಜನ ಹತ್ತಿದ್ದರೆ ಮುಂದಿನ ಸಲಕ್ಕೆ ಕಾಯಿರಿ. ಒಳಗೆ ಕೂತ ಮೇಲೆ ಯಾರೂ ಏಳಬಾರದು. ಒಂದೇ ಕಡೆ ಎಲ್ಲರೂ ವಾಲಿದರೆ ತೆಪ್ಪ ಮಗುಚುತ್ತದೆ. ಅದಕ್ಕೆ ಚುಕ್ಕಾಣಿ ಇಲ್ಲ, ತಳವೂ ಆಳವಿಲ್ಲ.

ನಾಲ್ಕು ಕಿಲೋಮೀಟರ್ ನಡಿಗೆ

ಅರ್ಕಾವತಿ ದಾಟಿದ ಮೇಲೆ ಮೇಕೆದಾಟು ಸುಮಾರು 4 ಕಿಲೋಮೀಟರ್. ಆಚೆ ದಡದಲ್ಲಿ ಹಳೇ ಬಸ್ಸೊಂದು ಓಡಾಡುವುದುಂಟು. ಜನ ತುಂಬಿದ ಮೇಲೆ ಹೊರಡುತ್ತದೆ. ದಾರಿ ಕಲ್ಲು ಗುಂಡಿ. ಕೂತವರ ಸೊಂಟ ಕೇಳಬೇಕು!

ನಮ್ಮನ್ನು ಕೇಳಿದರೆ ನಡೆದೇ ಹೋಗಿ ಅನ್ನುತ್ತೇವೆ. ದಿನಾ ಹೊಲಕ್ಕೂ ನೀರಿಗೂ ನಡೆಯುವ ನಮಗೆ 4 ಕಿಲೋಮೀಟರ್ ಒಂದು ಲೆಕ್ಕವಲ್ಲ. ಒಂದೂಕಾಲು ಗಂಟೆ ಸಾಕು. ಆದರೆ ಈ ನಡಿಗೆ ಬೇರೆ. ತಲೆ ಮೇಲೆ ಹೊರೆ ಇಲ್ಲ. ಸೊಂಟದಲ್ಲಿ ಬಿಂದಿಗೆ ಇಲ್ಲ. ಬೇಗ ಬಾ ಅಂತ ಕೂಗುವವರಿಲ್ಲ. ಒಂದು ಪಕ್ಕ ಕಾವೇರಿ, ಇನ್ನೊಂದು ಪಕ್ಕ ಗುಡ್ಡ. ಮಾತಾಡಿಕೊಂಡು ಹೋಗಬಹುದು. ಸುಮ್ಮನೆಯೂ ಹೋಗಬಹುದು.

ಬೆಳಿಗ್ಗೆ ಹತ್ತರೊಳಗೆ ನಡಿಗೆ ಶುರುವಾಗಬೇಕು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಬಂಡೆ ಕಾದು ಹೆಂಚಾಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಬಿಸಿಲೂ ಕಡಿಮೆ, ನೀರೂ ಇಳಿದಿರುತ್ತದೆ. ಕಲ್ಲಿನ ಚಂದ ಕಾಣುವುದು ನೀರು ಇಳಿದಾಗಲೇ.

ಇದು ಕಾಡು. ಕಾವೇರಿ ವನ್ಯಜೀವಿ ಧಾಮ. ಇಲ್ಲಿನ ಪ್ರಾಣಿಗಳನ್ನು ಕಾಪಾಡಬೇಕು ಅಂತ 1987ರಲ್ಲಿ ಸರ್ಕಾರ ಹೀಗೆ ಘೋಷಿಸಿತು. ಆನೆ ಇದೆ. ಜಿಂಕೆ ಇದೆ. ನೀರಿನಲ್ಲಿ ನೀರುನಾಯಿ, ಮೊಸಳೆ ಇವೆ. ಹೊಳೆಯಂಚಿನ ಮತ್ತಿ ಮರಗಳ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು ಇದೆ. ನಮ್ಮ ಮನೆ ಹಿಂದಿನ ಅಳಿಲಿನಂತೆ ಅಂಗೈಯಗಲದ್ದಲ್ಲ. ಬಾಲವೂ ಸೇರಿದರೆ ಮೊಳಕ್ಕಿಂತ ಉದ್ದ. ಪುಣ್ಯ ಇದ್ದರೆ ಕಾಣುತ್ತದೆ.

ಊಟದ ಗಂಟು ಕೈಯಲ್ಲಿ ತೂಗಾಡಿಸಿಕೊಂಡು ಹೋಗಬೇಡಿ. ಕೋತಿಗಳು ಬಿಡುವುದಿಲ್ಲ. ಚೀಲದಲ್ಲಿ ಹಾಕಿ ಬಾಯಿ ಕಟ್ಟಿ.

ಕಲ್ಲನ್ನು ನೀರು ಕೊರೆದದ್ದು ಹೇಗೆ?

ಮೇಕೆದಾಟು ತಲುಪಿದ ಕೂಡಲೇ ಮೊದಲು ಕಾಣುವುದು ನೀರಲ್ಲ, ಬಂಡೆ. ಎಲ್ಲಿ ನೋಡಿದರೂ ಬಂಡೆ. ನುಣ್ಣಗೆ, ಯಾರೋ ತಿಕ್ಕಿ ತಿಕ್ಕಿ ಹೊಳಪು ಮಾಡಿದ ಹಾಗೆ. ಬಂಡೆಗಳ ಮೈತುಂಬ ದುಂಡನೆಯ ಗುಳಿಗಳು. ಕೆಲವು ಗುಳಿ ಬಟ್ಟಲಿನಷ್ಟು. ಕೆಲವು ಹಂಡೆಯಷ್ಟು. ಕೆಲವರೊಳಗೆ ಒಬ್ಬ ಮನುಷ್ಯ ಇಳಿದು ನಿಲ್ಲಬಹುದು.

ಇದನ್ನು ನೋಡಿದ ಯಾವ ಹೆಂಗಸೂ ಒಂದೇ ಮಾತು ಹೇಳುತ್ತಾಳೆ: "ಅಯ್ಯೋ, ಒರಳುಕಲ್ಲು ಕಣ್ರೀ ಇದು!"

ಸರಿಯಾಗಿಯೇ ಹೇಳಿದಿರಿ. ಅದು ಒರಳೇ. ಮನುಷ್ಯರು ಕಡೆದದ್ದಲ್ಲ. ನದಿ ಕಡೆದದ್ದು.

ನಮ್ಮ ಮನೆಯ ಒರಳಿನಲ್ಲಿ ರುಬ್ಬುವುದು ಹೇಗೆ? ಗುಂಡನ್ನು ಇಡುತ್ತೇವೆ. ಕೈಯಿಂದ ತಿರುಗಿಸುತ್ತೇವೆ. ಗುಂಡು ಸುತ್ತು ಸುತ್ತಿ ಅಕ್ಕಿ ನುಣ್ಣಗಾಗುತ್ತದೆ. ವರ್ಷಗಟ್ಟಲೆ ರುಬ್ಬಿದ ಮೇಲೆ ಏನಾಗುತ್ತದೆ? ಒರಳಿನ ಗುಳಿ ನುಣುಪಾಗುತ್ತದೆ. ಗುಂಡೂ ಸವೆಯುತ್ತದೆ. ಆಮೇಲೆ ಕಲ್ಲು ಕುಟ್ಟುವವರನ್ನು ಕರೆದು ಉಳಿಯಲ್ಲಿ ಹೊಡೆಸುತ್ತೇವೆ. ಅಂದರೆ ಕಲ್ಲಿನಿಂದ ಕಲ್ಲು ಸವೆಯುತ್ತದೆ ಎಂಬುದು ನಮಗೆ ಹೊಸ ವಿಷಯವಲ್ಲ. ಗ್ರೈಂಡರ್ ಬಂದ ಮೇಲೆ ನಮ್ಮ ಮಕ್ಕಳಿಗೆ ಅದು ಮರೆತಿರಬಹುದು, ನಮಗಿಲ್ಲ.

ನದಿಯಲ್ಲೂ ಹೀಗೇ. ಮಳೆಗಾಲದಲ್ಲಿ ನೀರು ರಭಸದಿಂದ ಬರುತ್ತದೆ. ಜೊತೆಗೆ ಮರಳು, ಗುಂಡುಕಲ್ಲು ಹೊತ್ತು ತರುತ್ತದೆ. ಬಂಡೆಯಲ್ಲಿ ಎಲ್ಲೋ ಒಂದು ಸಣ್ಣ ತಗ್ಗು ಇರುತ್ತದೆ. ನೀರು ಆ ತಗ್ಗಿನಲ್ಲಿ ಸುಳಿ ಸುತ್ತುತ್ತದೆ. ಸುಳಿಯೊಳಗೆ ಒಂದು ಗುಂಡುಕಲ್ಲು ಸಿಕ್ಕಿಬೀಳುತ್ತದೆ. ನೀರು ಅದನ್ನು ತಿರುಗಿಸುತ್ತದೆ. ಹಗಲು ರಾತ್ರಿ ತಿರುಗಿಸುತ್ತದೆ. ಅಲ್ಲಿ ನೀರೇ ಕೈ, ಕಲ್ಲೇ ಗುಂಡು, ಬಂಡೆಯೇ ಒರಳು.

ಗುಂಡು ಸವೆದು ಮರಳಾಗಿ ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಇನ್ನೊಂದು ಗುಂಡು ಬಂದು ಬೀಳುತ್ತದೆ. ಗುಳಿ ಆಳವಾಗುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಗುಳಿಯ ತಳ ನೋಡಿ. ದುಂಡನೆಯ ನುಣುಪು ಕಲ್ಲುಗಳು ಅಲ್ಲೇ ಬಿದ್ದಿರುತ್ತವೆ. ರುಬ್ಬುವ ಕೆಲಸ ನಿಲ್ಲಿಸಿ ಮಳೆಗಾಲಕ್ಕೆ ಕಾಯುತ್ತಾ ಕೂತ ಹಾಗೆ.

ಹೀಗೆ ಒಂದರ ಪಕ್ಕ ಒಂದು ಒರಳು ಆಗುತ್ತದೆ. ಎರಡು ಒರಳಿನ ನಡುವಿನ ಗೋಡೆ ತೆಳ್ಳಗಾಗುತ್ತದೆ. ಒಂದು ದಿನ ಒಡೆಯುತ್ತದೆ. ಎರಡು ಸೇರಿ ಒಂದಾಗುತ್ತವೆ. ಹತ್ತು ಸೇರುತ್ತವೆ, ನೂರು ಸೇರುತ್ತವೆ. ಬಂಡೆಯಲ್ಲಿ ಮೊದಲೇ ಇದ್ದ ಬಿರುಕುಗಳೂ ನೀರಿಗೆ ದಾರಿ ತೋರಿಸುತ್ತವೆ. ಕಡೆಗೆ ಉದ್ದಕ್ಕೂ ಒಂದು ಕೊರಕಲು ಆಗುತ್ತದೆ. ಮೇಕೆದಾಟಿನ ಗೋಡೆಗಳನ್ನು ಪಕ್ಕದಿಂದ ನೋಡಿ. ಅರ್ಧ ಒಡೆದ ಮಡಕೆಗಳನ್ನು ನಿಲ್ಲಿಸಿದ ಹಾಗೆ ಬಾಗಿದ ಗುರುತುಗಳು ಕಾಣುತ್ತವೆ. ಅವು ಹಳೇ ಒರಳುಗಳ ಗುರುತು.

ಎಷ್ಟು ವರ್ಷ ಹಿಡಿಯಿತು? ನಮ್ಮ ಅಜ್ಜಿಯ ಅಜ್ಜಿಯ ಕಾಲ ಅಂದರೂ ಸಾಲದು. ಈ ಸೀಮೆಯ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಭೂಮಿಯ ಮೇಲೆ ಇರುವ ಬಹಳ ಹಳೆಯ ಬಂಡೆಗಳಲ್ಲಿ ಇವೂ ಸೇರಿವೆ. ಅಷ್ಟು ಗಟ್ಟಿ ಬಂಡೆಯನ್ನು ನೀರು ಕೊರೆದಿದೆ.

ಮೇಕೆ ದಾಟಿತಂತೆ

ಹೆಸರಿನ ಕಥೆಯನ್ನೂ ಹೇಳಿಬಿಡೋಣ. ಒಂದು ಮೇಕೆಯನ್ನು ಹುಲಿ ಅಟ್ಟಿಸಿಕೊಂಡು ಬಂತಂತೆ. ಹಿಂದೆ ಹುಲಿ, ಮುಂದೆ ಕಾವೇರಿ. ಮೇಕೆ ಒಂದೇ ನೆಗೆತಕ್ಕೆ ಕೊರಕಲು ದಾಟಿತಂತೆ. ಹುಲಿಗೆ ಆಗಲಿಲ್ಲವಂತೆ. ಶಿವನೇ ಮೇಕೆಯ ರೂಪದಲ್ಲಿ ಬಂದಿದ್ದ ಅಂತಲೂ ಹೇಳುತ್ತಾರೆ.

ಕಥೆ ಕೇಳಲು ಚೆನ್ನ. ಆದರೆ ಮೇಕೆ ಹಾರಿದೆ, ನಾವೂ ಹಾರಿ ನೋಡೋಣ ಅನ್ನುವ ಹುಡುಗರಿಗೆ ಈ ಕಥೆ ಹೇಳುವಾಗ ಹುಲಿಯ ಗತಿಯನ್ನೂ ಸೇರಿಸಿ ಹೇಳಿ.

ಮೇಲೆ ಶಾಂತ, ಒಳಗೆ ಸೆಳೆತ

ಈಗ ಅಪಾಯದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮನೆಯಲ್ಲಿ ನೀರಿನ ಪೈಪಿನ ಬಾಯಿಗೆ ಬೆರಳು ಅಡ್ಡ ಇಟ್ಟು ನೋಡಿದ್ದೀರಾ? ನೀರು ಚಿಮ್ಮಿ ದೂರ ಹೋಗುತ್ತದೆ. ಬಾಯಿ ಕಿರಿದಾದರೆ ನೀರಿನ ರಭಸ ಹೆಚ್ಚು. ಮೇಕೆದಾಟಿನಲ್ಲೂ ಅದೇ. ಅಗಲವಾಗಿ ಬಂದ ನದಿಗೆ ದಾರಿ ಕಿರಿದಾಯಿತು. ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ ಜಾಗವಿಲ್ಲ. ಆದ್ದರಿಂದ ಕೆಳಕ್ಕೆ ಆಳವಾಗಿದೆ, ಮುಂದಕ್ಕೆ ಜೋರಾಗಿದೆ.

ಕೆಲವು ಕಡೆ ನೀರು ನೊರೆ ಉಕ್ಕಿ ಗುಡುಗುತ್ತದೆ. ಅದನ್ನು ನೋಡಿದರೆ ಯಾರಿಗೂ ಇಳಿಯಬೇಕು ಅನ್ನಿಸುವುದಿಲ್ಲ. ಮೋಸ ಮಾಡುವುದು ಅದಲ್ಲ. ಮೋಸ ಮಾಡುವುದು ಹಸಿರಾಗಿ, ಸುಮ್ಮನೆ ನಿಂತಂತೆ ಕಾಣುವ ನೀರು. ಮೇಲೆ ಎಲೆ ಮೆಲ್ಲಗೆ ತೇಲುತ್ತಿರುತ್ತದೆ. ಒಳಗೆ ಸೆಳೆತ ಬೇರೆಯೇ ಇರುತ್ತದೆ. ಒರಳು ಮಾಡಿದ ಸುಳಿ ಒಳಗೆ ಇನ್ನೂ ಸುತ್ತುತ್ತಲೇ ಇದೆ. ಬಂಡೆಯ ಅಡಿಯಲ್ಲಿ ಪೊಟರೆಗಳಿವೆ. ನೀರು ಆ ಪೊಟರೆಯೊಳಗೆ ನುಗ್ಗಿ ಇನ್ನೆಲ್ಲೋ ಹೊರಗೆ ಬರುತ್ತದೆ. ಸಿಕ್ಕಿಕೊಂಡ ಮನುಷ್ಯನನ್ನೂ ಎಳೆದುಕೊಂಡು ಹೋಗುತ್ತದೆ. ಈಜು ಬರುವವರೂ ಇಲ್ಲಿ ಸತ್ತಿದ್ದಾರೆ. ಊರ ಕೆರೆಯಲ್ಲಿ, ಬಾವಿಯಲ್ಲಿ ಕಲಿತ ಈಜು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ. ಬಿದ್ದವರು ಮೇಲೆ ಹತ್ತಲು ಹಿಡಿ ಬೇಕಲ್ಲ? ಆ ಗೋಡೆಗಳು ನುಣುಪು. ಸಾವಿರಾರು ವರ್ಷ ತಿಕ್ಕಿದ ನುಣುಪು. ಕೈಗೆ ಏನೂ ಸಿಗುವುದಿಲ್ಲ. ನೋಡಲು ಚಂದ ಅಂದೆವಲ್ಲ, ಆ ಚಂದವೇ ಬಿದ್ದವನಿಗೆ ಶತ್ರು.

ನೀರಿನ ಅಂಚಿನ ಬಂಡೆಗೆ ಪಾಚಿ ಹಿಡಿದಿರುತ್ತದೆ. ಒಣಗಿದ್ದರೆ ಕಪ್ಪು ಕಲೆಯಂತೆ ಕಾಣುತ್ತದೆ. ಸ್ವಲ್ಪ ನೀರು ತಾಗಿದರೆ ಸಾಕು, ಎಣ್ಣೆ ಸುರಿದ ಹಾಗೆ. ಬಹಳ ಜನ ಈಜಲು ಹೋಗಿ ಬಿದ್ದವರಲ್ಲ. ಕಾಲು ತೊಳೆಯಲು, ಫೋಟೋ ತೆಗೆಸಿಕೊಳ್ಳಲು ಅಂಚಿಗೆ ಹೋಗಿ ಜಾರಿದವರು. ಫೋನು ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ. ನೀರಿನಿಂದ ಹತ್ತು ಹೆಜ್ಜೆ ದೂರ ಒಣಗಿದ ಬಂಡೆಯ ಮೇಲೆ ಕೂತು ನೋಡಿ. ಅಲ್ಲಿಂದ ಕಾಣದ್ದು ಅಂಚಿನಲ್ಲಿ ಏನೂ ಇಲ್ಲ.

ಅಲ್ಲಿ ಎಚ್ಚರಿಕೆಯ ಬೋರ್ಡುಗಳನ್ನು ಹಾಕಿರುತ್ತಾರೆ. ಸುಳಿ ಇದೆ, ಮೊಸಳೆ ಇದೆ, ನೀರಿಗೆ ಇಳಿಯಬೇಡಿ ಅಂತ ಬರೆದಿರುತ್ತದೆ. ಜೊತೆಯಲ್ಲಿ ಬಂದ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ. ನೀವೇ ಗಟ್ಟಿಯಾಗಿ ಓದಿ ಹೇಳಿ. ಅಮ್ಮ ಓದಿ ಹೇಳಿದ್ದು ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಬೇಲಿ ಇದ್ದರೆ ಬೇಲಿಯ ಈಚೆಗೇ ಇರಿ.

ಮಳೆ ಇಲ್ಲದೆ ಬರುವ ನೀರು

"ಬಿಸಿಲು ಚೆನ್ನಾಗಿದೆ, ಮೋಡ ಇಲ್ಲ, ನೀರು ಎಲ್ಲಿಂದ ಬರುತ್ತೆ?" ಹೀಗೆ ಕೇಳುವವರಿದ್ದಾರೆ.

ಮೇಕೆದಾಟಿನಲ್ಲಿ ಮಳೆ ಬರಬೇಕಾಗಿಲ್ಲ. ಕೊಡಗಿನಲ್ಲಿ ಬಂದರೆ ಸಾಕು. ಆ ನೀರು ಕನ್ನಂಬಾಡಿ ಕಟ್ಟೆಗೆ ಬರುತ್ತದೆ. ಕೃಷ್ಣರಾಜಸಾಗರ ಅಂತ ಅದರ ಇನ್ನೊಂದು ಹೆಸರು. ಕೇರಳದ ವಯನಾಡಿನಲ್ಲಿ ಮಳೆ ಬಂದರೆ ಕಬಿನಿ ಜಲಾಶಯ ತುಂಬುತ್ತದೆ. ಎರಡೂ ತುಂಬಿದ ಮೇಲೆ ಗೇಟು ಎತ್ತುತ್ತಾರೆ. ಎರಡೂ ಕಡೆಯ ನೀರು ತಿರುಮಕೂಡಲಿನಲ್ಲಿ ಸೇರಿ, ಶಿವನಸಮುದ್ರದಲ್ಲಿ ಧುಮುಕಿ, ನೆಟ್ಟಗೆ ಇಲ್ಲಿಗೆ ಬರುತ್ತದೆ. ಇಲ್ಲಿ ಆಕಾಶ ಶುಭ್ರವಾಗಿಯೇ ಇರುತ್ತದೆ.

ಅಗಲವಾದ ಜಾಗದಲ್ಲಿ ನೀರು ಹೆಚ್ಚಾದರೆ ಪಕ್ಕಕ್ಕೆ ಹರಡುತ್ತದೆ. ಇಲ್ಲಿ ಪಕ್ಕಕ್ಕೆ ಗೋಡೆ. ಹಾಗಾಗಿ ಮೇಲಕ್ಕೆ ಏರುತ್ತದೆ. ಬಾಯಿ ಅಗಲವಾದ ಬಾಂಡಲಿಗೆ ಒಂದು ಚೊಂಬು ನೀರು ಹಾಕಿದರೆ ತಳ ನೆನೆಯುತ್ತದೆ ಅಷ್ಟೇ. ಅದೇ ಚೊಂಬು ನೀರನ್ನು ಲೋಟಕ್ಕೆ ಹಾಕಿದರೆ ತುಂಬಿ ಚೆಲ್ಲುತ್ತದೆ. ನೀವು ಬೆಳಿಗ್ಗೆ ಬುತ್ತಿ ಬಿಚ್ಚಿದ ಬಂಡೆ ಮಧ್ಯಾಹ್ನಕ್ಕೆ ನಡುಗಡ್ಡೆಯಾಗಬಹುದು.

ರೇಡಿಯೋದಲ್ಲಿ, ಪೇಪರಿನಲ್ಲಿ "ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡುಗಡೆ" ಅಂತ ಬರುತ್ತದಲ್ಲ, ಅದರ ಅರ್ಥ ತಿಳಿದುಕೊಳ್ಳೋಣ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ನಮ್ಮ ಬಿಂದಿಗೆಗೆ 14 ಲೀಟರ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಆಗ ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎರಡು ಬಿಂದಿಗೆ. ಒಂದು ಸಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಎರಡು ಬಿಂದಿಗೆ ನೀರು ಹೋಗಿರುತ್ತದೆ.

50,000 ಕ್ಯೂಸೆಕ್ ಬಿಟ್ಟರು ಅಂದರೆ? ಸೆಕೆಂಡಿಗೆ 1 ಲಕ್ಷ ಬಿಂದಿಗೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಲೆಕ್ಕ ಹಾಕಿದರೆ 14 ಲಕ್ಷ ಕಿಲೋ ಆಯಿತು. ಹತ್ತು ಟನ್ ತುಂಬಿದ 140 ಲಾರಿಗಳು ಒಂದೇ ಸೆಕೆಂಡಿನಲ್ಲಿ ನಮ್ಮ ಮುಂದೆ ಹಾದು ಹೋದ ಹಾಗೆ. ಅದರ ಎದುರಿಗೆ ಐವತ್ತು ಅರವತ್ತು ಕಿಲೋ ತೂಕದ ನಾವು ಎಷ್ಟರವರು? ರಭಸದ ನೀರಿನಲ್ಲಿ ಮೊಣಕಾಲುದ್ದ ನಿಂತರೂ ಕಾಲು ಕಿತ್ತುಕೊಂಡು ಹೋಗುತ್ತದೆ.

ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಡುವ ಮುಂಚೆ ಪೇಪರ್ ನೋಡಿ. ಕೆ.ಆರ್.ಎಸ್. ಅಥವಾ ಕಬಿನಿಯಿಂದ ನೀರು ಬಿಟ್ಟಿದ್ದಾರೆಂದರೆ ಆ ವಾರ ಹೋಗಬೇಡಿ. ನದಿ ಎಲ್ಲಿಗೂ ಓಡಿಹೋಗುವುದಿಲ್ಲ, ಇನ್ನೊಂದು ಸಲ ಹೋಗಬಹುದು. ಅಲ್ಲಿ ಇದ್ದಾಗ ಹಸಿರು ನೀರು ಕೆಂಪಗೆ ಕದಡಿದರೆ, ಕಸ ಕಡ್ಡಿ ಹೆಚ್ಚು ತೇಲಿ ಬಂದರೆ, ಮೊರೆತ ಜೋರಾದರೆ, ನೀರು ಏರುತ್ತಿದೆ ಅಂತ ತಿಳಿಯಿರಿ. ಗಂಟು ಕಟ್ಟಿಕೊಂಡು ಮೇಲಕ್ಕೆ ಬನ್ನಿ. ಅರ್ಕಾವತಿಯಲ್ಲೂ ನೀರು ಏರಿದರೆ ತೆಪ್ಪ ನಿಲ್ಲಿಸಿಬಿಡುತ್ತಾರೆ. ಆಚೆ ದಡದಲ್ಲೇ ಉಳಿಯಬೇಕಾದೀತು.

ಯಾರಾದರೂ ಬಿದ್ದರೆ?

ಒಬ್ಬ ಬಿದ್ದ. ಅಣ್ಣ ಹಾರಿದ. ಅಣ್ಣನನ್ನು ಉಳಿಸಲು ಗೆಳೆಯ ಹಾರಿದ. ಮೂವರೂ ಹೋದರು. ಇಂಥ ಸುದ್ದಿ ಓದಿದ್ದೇವಲ್ಲವೇ? ತಾಯಿಯ ಕರುಳು ಹಾರು ಅನ್ನುತ್ತದೆ. ಆದರೂ ಹಾರಬಾರದು. ದಡದಲ್ಲಿ ಗಟ್ಟಿಯಾಗಿ ನಿಂತು, ಏನಾದರೂ ಎಸೆಯಬೇಕು. ಹಗ್ಗ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನೂ ಇಲ್ಲದಿದ್ದರೆ ಸೀರೆ.

ಸೀರೆ ಅಂದಕೂಡಲೇ ನಗಬೇಡಿ. 2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಎಂಬಲ್ಲಿ ಹೀಗೇ ಆಯಿತು. ಜಲಾಶಯದಲ್ಲಿ ನಾಲ್ವರು ಹುಡುಗರು ಮುಳುಗುತ್ತಿದ್ದರು. ಅಲ್ಲಿದ್ದ ಮೂವರು ಹೆಂಗಸರು ಹಿಂದೆ ಮುಂದೆ ನೋಡಲಿಲ್ಲ. ಉಟ್ಟ ಸೀರೆ ಬಿಚ್ಚಿ ನೀರಿಗೆ ಎಸೆದರು. ಇಬ್ಬರು ಹುಡುಗರನ್ನು ಎಳೆದು ಉಳಿಸಿದರು. ಇನ್ನಿಬ್ಬರನ್ನು ಉಳಿಸಲು ಆಗಲಿಲ್ಲ. ಆ ಹೆಂಗಸರಿಗೆ ತಮಿಳುನಾಡು ಸರ್ಕಾರ ಕಲ್ಪನಾ ಚಾವ್ಲಾ ಹೆಸರಿನ ಪ್ರಶಸ್ತಿ ಕೊಟ್ಟಿತು. ಮಾನ ಅಂತ ಯೋಚಿಸುತ್ತಾ ನಿಂತಿದ್ದರೆ ಆ ಇಬ್ಬರೂ ಇರುತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅವರಿಗಿಂತ ಮಾನವಂತರು ಯಾರು?

ಆದರೆ ಅದು ನಿಂತ ನೀರು. ಮೇಕೆದಾಟಿನ ಸೆಳೆತದಲ್ಲಿ ಸೀರೆ ಹಿಡಿದ ನಮ್ಮನ್ನೇ ಎಳೆಯಬಹುದು. ಆದ್ದರಿಂದ ಸೀರೆಯ ತುದಿಯನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಮಲಗಿಕೊಂಡೋ ಕೂತುಕೊಂಡೋ ಎಸೆಯಿರಿ. ಹಿಂದಿನಿಂದ ಇಬ್ಬರು ನಿಮ್ಮನ್ನು ಹಿಡಿದುಕೊಂಡಿರಲಿ. ತೆಪ್ಪದವರನ್ನು ಕೂಗಿ. ಅವರಿಗೆ ನೀರಿನ ಗುಟ್ಟು ಗೊತ್ತು.

ಹೊರಗೆ ತಂದ ಮೇಲೆ ಕಾಲು ಹಿಡಿದು ತಲೆಕೆಳಗೆ ಎತ್ತುವುದು, ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತುವುದು ಮಾಡಬಾರದು. ಅದರಿಂದ ಹೊತ್ತು ಹಾಳು, ಕೇಡೂ ಹೌದು. ಉಸಿರಾಟ ಇದೆಯಾ ನೋಡಿ. ಇಲ್ಲದಿದ್ದರೆ ಅಂಗಾತ ಮಲಗಿಸಿ. ಗಲ್ಲ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಆಮೇಲೆ ಎದೆಯ ನಡುವೆ ಅಂಗೈ ಇಟ್ಟು 30 ಸಲ ಜೋರಾಗಿ ಒತ್ತಿ. ಮತ್ತೆ 2 ಸಲ ಉಸಿರು. ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಇದನ್ನು ಓದಿದರೆ ಸಾಲದು, ಕೈಯಲ್ಲಿ ಮಾಡಿ ಕಲಿಯಬೇಕು. ನಿಮ್ಮ ಊರಿನ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಕೇಳಿದರೆ ತೋರಿಸಿಕೊಡುತ್ತಾರೆ.

ಆಂಬುಲೆನ್ಸಿಗೆ 108. ಪೊಲೀಸ್, ಬೆಂಕಿ, ಯಾವ ಆಪತ್ತಿಗಾದರೂ 112. ಆದರೆ ಕಾಡಿನೊಳಗೆ ಫೋನು ಹಿಡಿಯುವುದು ಕಷ್ಟ. ಒಬ್ಬರು ಸಂಗಮದ ಕಡೆಗೆ ಓಡಬೇಕಾಗುತ್ತದೆ. 4 ಕಿಲೋಮೀಟರ್! ಅಷ್ಟು ದೂರದಲ್ಲಿದ್ದೇವೆ ಅನ್ನುವುದು ನೀರಿನ ಹತ್ತಿರ ಹೋಗುವ ಮುಂಚೆ ನೆನಪಿರಲಿ.

ಮುಂದೆ ಈ ಜಾಗ ಹೀಗೇ ಇರುತ್ತದಾ?

ಮೇಕೆದಾಟು ಅಂದರೆ ಪೇಪರಿನಲ್ಲಿ ಇನ್ನೊಂದು ಸುದ್ದಿಯೂ ಬರುತ್ತದೆ. ಅದು ಅಣೆಕಟ್ಟಿನ ಸುದ್ದಿ. ಇಲ್ಲಿ 67 ಟಿ.ಎಂ.ಸಿ. ನೀರು ನಿಲ್ಲಿಸುವ ಅಣೆಕಟ್ಟು ಕಟ್ಟಬೇಕು ಅಂತ ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. ಬೆಂಗಳೂರಿಗೆ ಕುಡಿಯುವ ನೀರು, ಜೊತೆಗೆ ಕರೆಂಟು ಸಿಗುತ್ತದೆ ಎಂಬುದು ಸರ್ಕಾರದ ಮಾತು. ತಮಿಳುನಾಡು ಒಪ್ಪಿಲ್ಲ. ಸಂಗಮದ ಸುತ್ತಲಿನ ಕಾಡು ಬಹಳಷ್ಟು ಮುಳುಗುತ್ತದೆ ಎಂಬ ಚಿಂತೆಯೂ ಇದೆ. ನೀರಿಗಾಗಿ ಕೊಡ ಹಿಡಿದು ನಿಂತವರ ಕಷ್ಟವೂ ನಮಗೆ ಗೊತ್ತು, ಆ ಮತ್ತಿ ಮರಗಳನ್ನೂ ನೋಡಿದ್ದೇವೆ. ಈ ಸುದ್ದಿ ಬಂದಾಗ ಪೂರ್ತಿ ಓದಿ. ನೋಡಿ ಬಂದ ಜಾಗದ ಸುದ್ದಿ ಬೇಗ ಅರ್ಥವಾಗುತ್ತದೆ.

ಹೊರಡುವ ಮುಂಚೆ

ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ. ಹವಾಯಿ ಚಪ್ಪಲಿ ಬಂಡೆಯ ಮೇಲೆ ಜಾರುತ್ತದೆ. ಸೀರೆ ಸ್ವಲ್ಪ ಮೇಲೆತ್ತಿ ಕಟ್ಟಿ, ನೆರಿಗೆ ಕಾಲಿಗೆ ಸಿಕ್ಕಬಾರದು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ಬುತ್ತಿಗೆ ರೊಟ್ಟಿ, ಚಟ್ನಿ, ಪುಳಿಯೋಗರೆ, ಕೆಡದಂಥದ್ದು ಯಾವುದಾದರೂ ಆದೀತು. ಸಂಗಮ ದಾಟಿದ ಮೇಲೆ ಶೌಚಾಲಯ ನಂಬಿಕೊಂಡು ಹೋಗಬೇಡಿ, ಸಂಗಮದಲ್ಲೇ ಮುಗಿಸಿಕೊಳ್ಳಿ. ಪ್ಲಾಸ್ಟಿಕ್ ಹಾಳೆ, ಎಲೆ, ಬಾಟಲಿ ವಾಪಸ್ಸು ತನ್ನಿ. ಜಿಂಕೆ, ಆನೆ ಅದನ್ನು ತಿಂದು ಸಾಯುತ್ತವೆ.

ಮಕ್ಕಳನ್ನು ಕರೆದುಕೊಂಡು ಹೋದರೆ ಎರಡು ಮಕ್ಕಳಿಗೆ ಒಬ್ಬ ದೊಡ್ಡವರು ಅಂತ ಮನೆಯಲ್ಲೇ ಹಂಚಿಕೊಳ್ಳಿ. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಕುಡಿದವರು ಜೊತೆಗೆ ಬೇಡ. ಗಂಡನಾದರೂ ಸರಿ, ತಮ್ಮನಾದರೂ ಸರಿ, ಅಲ್ಲಿ ಬಾಟಲಿ ಬಿಚ್ಚುವುದಾದರೆ ಬರಬೇಡಿ ಅಂತ ಮೊದಲೇ ಹೇಳಿ.

ಮಧ್ಯಾಹ್ನ ಮೂರು ಗಂಟೆಗೆ ಮೇಕೆದಾಟು ಬಿಡಬೇಕು. ನಾಲ್ಕೂವರೆಯೊಳಗೆ ಅರ್ಕಾವತಿ ದಾಟಿ ಈಚೆಗೆ ಬಂದಿರಬೇಕು. ಸಂಜೆ ಆನೆಗಳು ನೀರಿಗೆ ಇಳಿಯುವ ಹೊತ್ತು. ಆ ದಾರಿ ಅವುಗಳದ್ದು. ಹೊರಡುವ ಮುಂಚೆ ತಲೆ ಎಣಿಸಿ. ಬಂದಾಗ ಎಷ್ಟು ಜನ ಇದ್ದಿರೋ ಅಷ್ಟೇ ಇದ್ದಾರಾ ನೋಡಿ, ಆಮೇಲೆ ತೆಪ್ಪ ಹತ್ತಿ.